ಲೂಯಿಸಿಯಕ್ಕೆ ನೀರು ಹಾಕಬೇಡ

ಮಾರ್ಚ್ 29, ಶನಿವಾರ

ಗಾಳಿ ಪಶ್ಚಿಮದಿಂದ. ಬೆಳಗ್ಗೆ ಹಿಮ, ಮಧ್ಯಾಹ್ನ ಬಿಸಿಲು.

ಹೈಸ್ಕೂಲಿನ ಆಟದ ಮೈದಾನದ ಹುಲ್ಲಿನ ಯೋಗಕ್ಷೇಮವನ್ನು ಮೂವತ್ನಾಲ್ಕು ವರ್ಷ ಪುಸ್ತಕದಲ್ಲಿ ಬರೆದವನು ನಾನು. ನಿವೃತ್ತನಾದಾಗ ಎರಡು ಖಾಲಿ ಪುಸ್ತಕ ಉಳಿದಿದ್ದವು, ಮನೆಗೆ ತಂದಿದ್ದೆ. ಈಗ ಮಾತಾಡಲು ಮನೆಯಲ್ಲಿ ಯಾರೂ ಇಲ್ಲವಾದ್ದರಿಂದ ಇದರಲ್ಲಿ ಬರೆಯುತ್ತಿದ್ದೇನೆ.

ಗುರುವಾರ ಗ್ಲೆಂಡಾ ಮನೆ ಬಿಟ್ಟು ಹೋದಳು. ಜಗಳವಿಲ್ಲ, ಕೂಗಾಟವಿಲ್ಲ. ನಾನು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬರುವಷ್ಟರಲ್ಲಿ ಎರಡು ಸೂಟ್‌ಕೇಸು, ಹೊಲಿಗೆ ಯಂತ್ರ, ಅವಳ ದಿಂಬು ಇಷ್ಟೂ ಮಾಯ. ಫ್ರಿಜ್ಜಿನ ಮೇಲೆ ಚೀಟಿ: "ರಾಯ್ಸ್, ಬೇಕರಿಯ ಮಾಳಿಗೆಯ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೇನೆ. ಫೋನ್ ಮಾಡಬೇಡ, ಮಾಡಬೇಕೆನಿಸಿದಾಗ ನಾನೇ ಮಾಡುತ್ತೇನೆ. ಲೂಯಿಸಿಯಕ್ಕೆ ನೀರು ಹಾಕಬೇಡ."

ನಲವತ್ತೊಂದು ವರ್ಷದ ಸಂಸಾರಕ್ಕೆ ಮೂರು ಸಾಲು. ಅದರಲ್ಲೂ ಒಂದು ಗಿಡದ್ದು!

ದೂರದ ಊರಿಗೆ ಹೋಗಿದ್ದರೆ ಅರ್ಥವಾಗುತ್ತಿತ್ತು. ಆರು ಬೀದಿ ಆಚೆಗೆ ಹೋಗಿ ಕೂತಿದ್ದಾಳೆ. ಸಲೈಡಾದಂಥ ಸಣ್ಣ ಊರಿನಲ್ಲಿ ನಾನು ಬ್ರೆಡ್ ತರಲು ಎಲ್ಲಿಗೆ ಹೋಗಲಿ?

ನನ್ನ ತಪ್ಪೇನು ಎಂದು ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಅಕ್ಟೋಬರಿನಲ್ಲಿ ನಿವೃತ್ತನಾದ ಮೇಲೆ ಒಂದು ದಿನವೂ ಕಾಲು ಚಾಚಿ ಕೂತವನಲ್ಲ. ಅಡುಗೆಮನೆಯ ಕಪಾಟುಗಳನ್ನೆಲ್ಲ ಬರಿದು ಮಾಡಿ, ಡಬ್ಬಗಳನ್ನು ಅಕಾರಾದಿಯಾಗಿ ಜೋಡಿಸಿಕೊಟ್ಟೆ. ಅವಳ ಕೈ ನೋವಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಲ್ಲಿ ನೋವು ಎಂದು ಅವರು ಕೇಳಿದರೆ ಇವಳು ಯೋಚಿಸುತ್ತ ಕೂತಳು, ಹೊತ್ತು ಹಾಳಾಗುವುದು ಬೇಡವೆಂದು ನಾನೇ ಹೇಳಿದೆ. ಮಾತಿನ ನಡುವೆ ಅವಳು ತಡವರಿಸಿದಾಗೆಲ್ಲ ಮುಂದಿನ ಪದ ಒದಗಿಸಿದವನೂ ನಾನೇ. ಇಷ್ಟು ಮಾಡುವ ಗಂಡ ಈ ಬೀದಿಯಲ್ಲಿ ಇನ್ನೊಬ್ಬನಿದ್ದರೆ ತೋರಿಸಲಿ.

ಏಪ್ರಿಲ್ 2, ಬುಧವಾರ

ಇನೆಜ್ ಆರ್ಚುಲೆಟಾ ಬಂದಿದ್ದರು. ಕಲ್ಲುತೋಟದ ಸಂಘದ ಅಧ್ಯಕ್ಷೆ. ವಯಸ್ಸು ಎಪ್ಪತ್ತಾರು, ಎತ್ತರ ಐದಡಿಗೂ ಕಮ್ಮಿ, ಬಾಯಿ ಮಾತ್ರ ಊರಗಲ. ಗ್ಲೆಂಡಾಳ ಗೆಳತಿಯಾದ್ದರಿಂದ ನನ್ನನ್ನು ಉಗಿಯಲು ಬಂದಿದ್ದಾರೆ ಎಂದುಕೊಂಡೆ. ಅಲ್ಲ.

"ಜೂನ್ ಹದಿನಾಲ್ಕಕ್ಕೆ ನಿಮ್ಮನೆ ತೋಟ ನೋಡೋಕೆ ನಲವತ್ತು ಜನ ಬರ್ತಾರೆ. ಎಲ್ಲರಿಗೂ ಹೇಳಿ ಆಗಿದೆ. ಇನ್ನು ಬೇಡ ಅನ್ನೋಕಾಗಲ್ಲ."

"ತೋಟದ ಯಜಮಾನ್ತೀನೇ ಇಲ್ವಲ್ಲ ಇನೆಜ್."

"ತೋಟ ಇದೆಯಲ್ಲ ಮಾರಾಯ."

"ಅವಳು ಬರ್ತಾಳಾ?"

"ಬರ್ತೀನಿ ಅಂದಿದಾಳೆ. ಎಲ್ಲರ ಥರ, ನೋಡೋಕೆ."

ಇದನ್ನು ಕೇಳಿದ್ದೇ ನನಗೆ ಜೀವ ಬಂತು. ಆ ದಿನ ತೋಟ ನಳನಳಿಸುತ್ತಿದ್ದರೆ ಅವಳ ಮನಸ್ಸು ಕರಗದೆ ಇರುತ್ತದೆಯೇ? ತನ್ನ ತೋಟ, ತನ್ನ ಗಂಡ, ಎರಡೂ ಸರಿಯಾಗಿವೆ ಎಂದು ಕಂಡರೆ ವಾಪಸು ಬಂದೇ ಬರುತ್ತಾಳೆ. ಎಪ್ಪತ್ತಮೂರು ದಿನ ಇದೆ. ಇದಕ್ಕಿಂತ ಕಮ್ಮಿ ದಿನದಲ್ಲಿ ನಾನು ಬೋಳು ಮೈದಾನವನ್ನು ಹಸಿರು ಮಾಡಿದ್ದೇನೆ.

ಆದರೆ ಅದು ಹುಲ್ಲು. ಇದು ಕಲ್ಲಿನ ರಾಶಿ. ನಾಲ್ಕು ವರ್ಷದ ಹಿಂದೆ ನದಿ ಬತ್ತುತ್ತಿದೆ, ಹುಲ್ಲು ತೆಗೆಯಿರಿ ಎಂದು ಊರಿನವರು ಕೇಳಿಕೊಂಡಾಗ ಮೊದಲು ಕೈ ಎತ್ತಿದವಳು ನನ್ನ ಹೆಂಡತಿ. ನಾನು ಮಗುವಿನಂತೆ ಸಾಕಿದ ಹುಲ್ಲು ಹೋಯಿತು. ಆ ಜಾಗದಲ್ಲಿ ಚಪ್ಪಡಿಗಳನ್ನು ನೆಟ್ಟಗೆ ಹೂತು, ನಡುವಿನ ಬೆರಳಗಲದ ಸಂದುಗಳಿಗೆ ಗರಸು ತುಂಬಿ, ಎತ್ತರದ ಬೆಟ್ಟಗಳ ಗಿಡಗಳನ್ನು ಬೆಳೆಸಿದಳು. ಲೂಯಿಸಿಯ ಹನ್ನೊಂದಿವೆ. ಅಂಗೈಯಗಲದ ಗಿಡ, ನೆಲಕ್ಕೇ ಅಂಟಿಕೊಂಡ ಕೊಬ್ಬಿದ ಎಲೆ. ಕ್ರಿಸ್‌ಮಸ್ ಹೊತ್ತಿಗೆ ಬೀಜ ಬಿತ್ತಿ, ಕುಂಡಗಳನ್ನು ಹಿಮದಲ್ಲಿ ಬಿಟ್ಟು ಮೊಳೆಸಿದ್ದಳು. ನಾಲ್ಕು ವರ್ಷವಾಯಿತು, ಒಂದೂ ಹೂ ಬಿಟ್ಟಿಲ್ಲ. ಈ ಸಲ ಬಿಡುತ್ತವಂತೆ.

"ನೀನು ಕೈ ಹಾಕದೆ ಇದ್ರೆ," ಎಂದರು ಇನೆಜ್ ಹೋಗುತ್ತ.

ಏಪ್ರಿಲ್ 13, ಭಾನುವಾರ

ಒಣ ಗಾಳಿ. ಹತ್ತು ದಿನದಿಂದ ಒಂದು ಹನಿ ಇಲ್ಲ. ಗರಸಿಗೆ ಬೆರಳು ಚುಚ್ಚಿದೆ, ಸುಟ್ಟ ಬೂದಿಯಂತಿದೆ.

ನೀರು ಹಾಕಬೇಡ ಎಂದರೆ ಸ್ವಲ್ಪವೂ ಹಾಕಬೇಡ ಎಂದಿರಲಾರದು. ಜಾಸ್ತಿ ಹಾಕಬೇಡ ಎಂದಿರಬೇಕು. ಅವಸರದಲ್ಲಿ ಬರೆದಿದ್ದಾಳೆ ಪಾಪ. ಒಂದು ಚೊಂಬು ಹಾಕಿದೆ.

ಏಪ್ರಿಲ್ 21, ಸೋಮವಾರ

ಶುಕ್ರವಾರ ಹನಿ ಪೈಪು ಎಳೆದೆ. ಸಂದು ಸಂದಿಗೂ ಒಂದೊಂದು ತೂತು, ಬೆಳಗ್ಗೆ ಐದಕ್ಕೆ ಹನ್ನೆರಡು ನಿಮಿಷ, ಟೈಮರ್ ತಾನೇ ನೋಡಿಕೊಳ್ಳುತ್ತದೆ. ಸ್ವಲ್ಪ ಗೊಬ್ಬರವನ್ನೂ ಕೊಟ್ಟೆ. ಮೂರೇ ದಿನಕ್ಕೆ ಎಲೆ ಉಬ್ಬಿ ಮಿರಮಿರ ಮಿಂಚುತ್ತಿವೆ. ಬರಲಿ ಆ ಇನೆಜ್, ನೋಡಲಿ.

ಮೇ 6, ಮಂಗಳವಾರ

ಮೂರು ಗಿಡ ಸಪ್ಪಗಾಗಿವೆ. ಎಲೆ ಮೆತ್ತಗೆ, ಹಳದಿ. ಬಾಯಾರಿಕೆಯೇ ಇರಬೇಕೆಂದು ಹನ್ನೆರಡನ್ನು ಇಪ್ಪತ್ತು ನಿಮಿಷ ಮಾಡಿದೆ.

ಮೇ 8, ಗುರುವಾರ

ಇನೆಜ್ ಗೇಟು ತೆಗೆದವರೇ ಪೈಪು ನೋಡಿ ಕಿರುಚಿಕೊಂಡರು. ಎದುರು ಮನೆಯ ನಾಯಿ ಬೊಗಳತೊಡಗಿತು.

"ಏನೋ ಇದು? ಯಾರು ಹಾಕಿದ್ದು ಇದನ್ನ?"

"ನಾನೇ. ಯಾಕೆ?"

ಮಂಡಿಯೂರಿ ಕೂತು ಒಂದು ಗಿಡವನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದರು. ಕೊಳೆತ ಬಾಳೆಹಣ್ಣಿನ ಹಾಗೆ ಕಿತ್ತು ಬಂತು. ನನ್ನ ಮೂಗಿನ ಕೆಳಗೆ ಹಿಡಿದರು. ನಾತ.

"ಮುಳುಗಿಸಿ ಕೊಂದಿದೀಯಲ್ಲೋ! ಹನ್ನೆರಡು ಸಾವಿರ ಅಡಿ ಮೇಲೆ ಬರೀ ಕಲ್ಲಿನಲ್ಲಿ ಇರೋ ಗಿಡ ಇದು. ಎಲೆಯಲ್ಲಿ, ಬೇರಲ್ಲಿ ನೀರು ಕೂಡಿಟ್ಕೊಂಡು ಬದುಕತ್ತೆ. ಇದರ ಕುತ್ತಿಗೆ, ಎಲೆ ಬೇರು ಸೇರೋ ಜಾಗ, ಒದ್ದೆಯಾದ್ರೆ ಮುಗೀತು. ಗ್ಲೆಂಡಾ ಬರೆದಿಟ್ಟು ಹೋಗಿರಲಿಲ್ವಾ?"

"ಬರೆದಿದ್ದಳು. ಅದು... ಹಾಗಲ್ಲ ಅಂದ್ಕೊಂಡೆ."

"ಬೇಡ ಅಂದ್ರೆ ನಿನ್ನ ಭಾಷೇಲಿ ಏನರ್ಥ ಮಾರಾಯ?"

ಮೂರು ಹೋದವು, ಎಂಟು ಉಳಿದಿವೆ. ಪೈಪು ಕಿತ್ತು ಸುತ್ತಿಟ್ಟೆ.

"ಈಗ ನಾನೇನು ಮಾಡ್ಲಿ?"

"ಏನೂ ಮಾಡಬೇಡ."

"ಏನೂ ಮಾಡದೆ ಮನುಷ್ಯ ಹೇಗಿರ್ತಾನೆ ಇನೆಜ್?"

"ಕೂತ್ಕೋ. ನೋಡು. ಕೈಯನ್ನ ಬೇಕಾದ್ರೆ ಜೇಬಲ್ಲಿ ಇಟ್ಕೋ."

ಇದೆಂಥ ಬೇಸಾಯ? ಮೂವತ್ನಾಲ್ಕು ವರ್ಷ ಕಲಿತದ್ದೆಲ್ಲ ತಲೆಕೆಳಗು. ನೀರು ಕೊಟ್ಟರೆ ಸಾಯುತ್ತದೆ, ಕೊಡದಿದ್ದರೆ ಬದುಕುತ್ತದೆ. ತಲೆಬುಡ ಅರ್ಥವಾಗುತ್ತಿಲ್ಲ.

ಮೇ 15, ಗುರುವಾರ

ಅಂಗಡಿಯಲ್ಲಿ ಮೊಟ್ಟೆಯ ಸಾಲಿನಲ್ಲಿ ಗ್ಲೆಂಡಾ ಎದುರಾದಳು. ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡಿದ್ದಾಳೆ. ಎದೆ ಡವಡವ ಎಂದಿತು. ಈ ವಯಸ್ಸಿನಲ್ಲಿ, ಅದೂ ಸ್ವಂತ ಹೆಂಡತಿಯನ್ನು ನೋಡಿ!

"ಹೇಗಿದೀಯ ರಾಯ್ಸ್?"

"ಇದೀನಿ. ನಿನ್ನ ಕೈ ಹೇಗಿದೆ? ಬೆಳಗ್ಗೆ ಹೊತ್ತು ಜಾಸ್ತಿ ಹಿಡಿಯತ್ತೆ ಅಲ್ವಾ, ಅದು ಹೆಬ್ಬೆರಳಿನ ಬುಡದಲ್ಲಿ..."

"ನೀನೇ ಹೇಳಿಬಿಟ್ಟೆಯಲ್ಲ," ಎಂದು ನಕ್ಕಳು. ಸಿಟ್ಟಿನ ನಗು ಅಲ್ಲ. ದಣಿದ ನಗು. ಅದೇ ಹೆಚ್ಚು ಚುಚ್ಚಿತು. ಕೈ ನಿಜವಾಗಿ ಹೇಗಿದೆಯೋ ನನಗೆ ಗೊತ್ತಾಗಲೇ ಇಲ್ಲ.

"ಲೂಯಿಸಿಯ?" ಎಂದಳು.

"ಚೆನ್ನಾಗಿವೆ. ಹನ್ನೊಂದೂ."

ಯಾಕೆ ಸುಳ್ಳು ಹೇಳಿದೆ? ಬಾಯಿಗೆ ತಾನಾಗಿ ಬಂತು. ಮನೆಗೆ ಬಂದು ನೋಡಿದರೆ ಮೊಟ್ಟೆಯನ್ನೇ ತಂದಿರಲಿಲ್ಲ.

ಮೇ 23, ಶುಕ್ರವಾರ

ಹೂ!

ಬೆಳಗ್ಗೆ ಹತ್ತು ಗಂಟೆಗೆ ಕಸದ ಡಬ್ಬ ಒಳಗೆ ತರಲು ಹೋದವನು ಅಲ್ಲೇ ನಿಂತೆ. ಎಂಟರಲ್ಲಿ ಆರು ಗಿಡ ಅರಳಿವೆ. ಅಂಗಿಯ ಗುಂಡಿಯಷ್ಟು ಹೂ, ಕಾಂಡವೇ ಇಲ್ಲದ ಹಾಗೆ ಎಲೆಗಳ ನಡುವಿನಿಂದ ಎದ್ದು ಕೂತಿವೆ. ನಿನ್ನೆ ಸಂಜೆ ಇವು ಎಲ್ಲಿದ್ದವು?

ಬಕೆಟ್ಟು ಬೋರಲು ಹಾಕಿ ಕೂತೆ. ಒಂದರ್ಧ ಗಂಟೆ ಎಂದುಕೊಂಡು ಕೂತವನು ನಾಲ್ಕು ಗಂಟೆಯವರೆಗೆ ಎದ್ದಿಲ್ಲ, ನಡುವೆ ಒಂದು ಸಲ ಒಳಗೆ ಹೋಗಿ ಹುರುಳಿಕಾಯಿಯ ಡಬ್ಬ ತೆರೆದು ನಿಂತೇ ತಿಂದು ಬಂದೆ. ಎಂಥದೋ ಸಣ್ಣ ಜೇನುಹುಳು, ನೊಣಕ್ಕಿಂತ ಚಿಕ್ಕದು, ಒಂದೊಂದೇ ಹೂವಿಗೆ ಹೋಗಿ ಮೈ ಹೊರಳಿಸಿ ಬರುತ್ತದೆ. ಮೋಡ ಅಡ್ಡ ಬಂದರೆ ದಳ ಒಂದಿಷ್ಟು ಮುದುಡುತ್ತದೆ, ಬಿಸಿಲು ಬಂದರೆ ಮತ್ತೆ ಬಿಚ್ಚುತ್ತದೆ. ನಾಲ್ಕಕ್ಕೆ ಸರಿಯಾಗಿ ಎಲ್ಲವೂ ಮುಚ್ಚಿಕೊಂಡವು, ಯಾರೋ ಸೀಟಿ ಊದಿದಂತೆ.

ಈ ಆರು ಗಂಟೆಯಲ್ಲಿ ನಾನು ಮಾಡಿದ ಕೆಲಸ ಸೊನ್ನೆ. ಆದರೂ ಬೇಸರವಾಗಲಿಲ್ಲ. ನನಗೇನಾದರೂ ಕಾಯಿಲೆಯೋ?

ಗ್ಲೆಂಡಾಗೆ ಹೇಳಬೇಕೆಂದು ಜೀವ ಹಾರಿತು. ಫೋನು ಕೈಗೆ ತೆಗೆದುಕೊಂಡೆ. ಫ್ರಿಜ್ಜಿನ ಮೇಲೆ ಚೀಟಿ ಇನ್ನೂ ಇದೆ. ಫೋನ್ ಮಾಡಬೇಡ. ನೀರಿನ ವಿಷಯದಲ್ಲಿ ಅವಳ ಮಾತು ಮೀರಿ ಮೂರು ಗಿಡ ಕೊಂದವನು ನಾನು. ಇದನ್ನೂ ಮೀರಲೇ? ಇಲ್ಲ. ಫೋನು ಕೆಳಗಿಟ್ಟೆ. ಫೋಟೊ ತೆಗೆದೆ, ನಾಲ್ಕರಲ್ಲೂ ನನ್ನ ಹೆಬ್ಬೆರಳೇ ಬಂದಿದೆ.

ಮೇ 27, ಮಂಗಳವಾರ

ಕೂತೆ. ನೋಡಿದೆ. ಇವತ್ತು ಹದಿನೇಳು ಹೂ.

ಜೂನ್ 1, ಭಾನುವಾರ

ನಿನ್ನೆಗೆ ಹೂ ಮುಗಿದವು. ಒಟ್ಟು ಒಂಬತ್ತು ದಿನ. ಇನೆಜ್ ಮಗಳ ಮನೆಗೆ ಪ್ಯೂಬ್ಲೊಗೆ ಹೋಗಿದ್ದರಿಂದ ಅವರೂ ನೋಡಲಿಲ್ಲ. ನೋಡಿದವನು ನಾನೊಬ್ಬನೇ.

ಜೂನ್ 9, ಸೋಮವಾರ

ಎಂಟೂ ಸಾಯುತ್ತಿವೆ.

ಒಂದು ವಾರದಿಂದ ಎಲೆ ಹಳದಿಯಾಗುತ್ತಿತ್ತು, ಕೈ ಜೇಬಿನಲ್ಲೇ ಇಟ್ಟುಕೊಂಡು ನೋಡಿದೆ. ಇವತ್ತು ಎಲ್ಲ ಸುಕ್ಕುಗಟ್ಟಿ ಹಳೇ ಕಾಗದದಂತಾಗಿವೆ, ಮುಟ್ಟಿದರೆ ಉದುರುತ್ತವೆ. ಒಂದು ಹನಿ ನೀರು ಕೊಟ್ಟಿಲ್ಲ! ಆಣೆ ಮಾಡಿ ಹೇಳುತ್ತೇನೆ, ಒಂದು ಹನಿ ಕೊಟ್ಟಿಲ್ಲ. ಕೊಟ್ಟರೂ ಸಾಯುತ್ತವೆ, ಕೊಡದಿದ್ದರೂ ಸಾಯುತ್ತವೆ. ಮಾಡಿದರೂ ತಪ್ಪು, ಮಾಡದಿದ್ದರೂ ತಪ್ಪು. ಐದು ದಿನಕ್ಕೆ ಜನ ಬರುತ್ತಾರೆ. ಗ್ಲೆಂಡಾ ಬರುತ್ತಾಳೆ.

ಹೆಣಗಳನ್ನು ತೋರಿಸುವುದಕ್ಕಿಂತ ಕಿತ್ತು, ಹೊಸ ಗರಸು ಹರಡಿ, ಚೊಕ್ಕಟ ಮಾಡಿಡುವುದೇ ಮೇಲು ಎನ್ನಿಸಿತು. ಸನಿಕೆ ತಂದು ಒಂದನ್ನು ಎಬ್ಬಿಸಿದೆ. ಎರಡನೆಯದನ್ನೂ ಎಬ್ಬಿಸಿದೆ. ಮೂರನೆಯದಕ್ಕೆ ಸನಿಕೆ ಅಡ್ಡ ಬಿದ್ದು ಬೇರು ಎರಡು ತುಂಡಾಯಿತು.

ಒಳಗೆ ಬೆಳ್ಳಗಿತ್ತು. ಗಟ್ಟಿ, ರಸ ಜಿನುಗುತ್ತಿತ್ತು, ಎಳೆ ಮೂಲಂಗಿಯ ಹಾಗೆ. ಮೂಸಿದೆ, ನಾತವಿಲ್ಲ. ಬೇರುಗಳ ವಿಷಯ ನನಗೆ ಗೊತ್ತಿದೆ, ಸತ್ತ ಬೇರು ಹೀಗಿರುವುದಿಲ್ಲ. ಮೇಲೆ ಹೆಣ, ಕೆಳಗೆ ಜೀವ. ಹಾಗಾದರೆ ಇದು ಏನು?

ಸನಿಕೆ ಅಲ್ಲೇ ಬಿಟ್ಟು ಇನೆಜ್‌ಗೆ ಫೋನ್ ಮಾಡಿದೆ. ಅವರು ಪ್ಯೂಬ್ಲೊದಿಂದ ನಿನ್ನೆ ಬಂದಿದ್ದರು.

"ನನಗೆ ಗೊತ್ತಾಗ್ತಿಲ್ಲ ಇನೆಜ್. ಹೇಳಿಕೊಡಿ."

"ಯಾರು ಮಾತಾಡ್ತಿರೋದು?" ಎಂದರು.

"ನಾನೇ, ರಾಯ್ಸ್."

"ಗೊತ್ತಾಯ್ತು ಬಿಡು, ತಮಾಷೆ ಮಾಡಿದೆ. ಏನಾಯ್ತು?"

ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. "ಮಲಗಿವೆ ಕಣೋ. ಹೂ ಬಿಟ್ಟ ಮೇಲೆ ಎಲೆ ಕಳಚಿ ಬೇಸಿಗೆಯೆಲ್ಲ ಮಲಗ್ತವೆ. ಚಳಿ ಕಳೆದ್ಮೇಲೆ ಏಳ್ತವೆ. ಯಾರೂ ನಿನಗೆ ಹೇಳಿರಲಿಲ್ವಾ?"

"ಗ್ಲೆಂಡಾ ಯಾವತ್ತೋ ಹೇಳಿರಬೇಕು."

ಹೇಳಿಯೇ ಇರುತ್ತಾಳೆ. ನಾನು ನಡುವೆ ಬಾಯಿ ಹಾಕಿರುತ್ತೇನೆ.

ಎರಡನ್ನು ಹಾಗೇ ಮತ್ತೆ ನೆಟ್ಟೆ. ಮೂರನೆಯದರ ತುಂಡುಗಳನ್ನು ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದೆ. ಅಳು ಬಂತು. ಬೆಟ್ಟದ ಒಂದು ಗಿಡಕ್ಕೆ ಅಳುವವನು ನಾನಲ್ಲ. ಯಾಕೆ ಅತ್ತೆನೋ ಗೊತ್ತಿಲ್ಲ.

ಜೂನ್ 12, ಗುರುವಾರ

ಇನೆಜ್ ಬಂದು ಶನಿವಾರದ ಏರ್ಪಾಡು ಹೇಳಿ ಹೋದರು. ತೋಟ ನೋಡಿ ಆದಮೇಲೆ ಸಂಘದಲ್ಲಿ ಒಂದು ಪದ್ಧತಿಯಂತೆ. ಆ ವರ್ಷ ಸತ್ತ ಗಿಡಗಳ ಬುಡದಲ್ಲಿ ಚುಚ್ಚಿದ್ದ ಹೆಸರಿನ ತಗಡುಗಳನ್ನು ಎಲ್ಲರೂ ತಂದು ಒಂದು ತವರದ ಬಕೆಟ್ಟಿಗೆ ಹಾಕಬೇಕು. ಸುಮ್ಮನೆ ಹಾಕುವಂತಿಲ್ಲ, ಹೇಗೆ ಕೊಂದೆ ಎಂದು ಗಟ್ಟಿಯಾಗಿ ಹೇಳಬೇಕು. ಮನೆಯವರದು ಕೊನೆಯ ಸರದಿ.

"ನೀನು ಸಂಘದವನಲ್ಲ, ಬೇಕಿದ್ರೆ ಹಾಕು, ಬೇಡದಿದ್ರೆ ಬಿಡು," ಎಂದರು.

ನಾನು ಗ್ಲೆಂಡಾಗೆ ಹನ್ನೊಂದೂ ಚೆನ್ನಾಗಿವೆ ಎಂದಿದ್ದೇನೆ. ಲೂಯಿಸಿಯ ಮಲಗಿರುವುದರಿಂದ ಈಗ ಅಲ್ಲಿ ಬರೀ ಗರಸು. ಏಳಿವೆಯೋ ಹನ್ನೊಂದಿವೆಯೋ ದೇವರಿಗೂ ಗೊತ್ತಾಗುವುದಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮುಂದಿನ ವಸಂತದವರೆಗೆ ನಾನು ಬಚಾವು.

ಜೂನ್ 14, ಶನಿವಾರ

ಬಿಸಿಲು. ಗಾಳಿ ಇಲ್ಲ.

ನಲವತ್ತಲ್ಲ, ಐವತ್ತಕ್ಕೂ ಹೆಚ್ಚು ಜನ. ಎಲ್ಲರೂ ಮಂಡಿಯೂರಿ, ಬೆನ್ನು ಮೇಲೆ ಮಾಡಿ, ಕಲ್ಲಿನ ಸಂದಿಗೆ ಮೂಗು ತೂರಿಸಿಕೊಂಡು ಓಡಾಡಿದರು. ಅಂಗಳದ ತುಂಬ ಬೆನ್ನುಗಳೇ. ಇನೆಜ್ ದಾಲ್ಚಿನ್ನಿಯ ಬಿಸ್ಕತ್ತು ಮಾಡಿ ತಂದಿದ್ದರು.

ಗ್ಲೆಂಡಾ ಹನ್ನೊಂದೂವರೆಗೆ ಬಂದಳು. ಗೇಟಿನ ಹತ್ತಿರ ಎಲ್ಲರಂತೆ ಹೆಸರು ಬರೆದಳು. ತನ್ನ ಮನೆಗೆ ಬರಲು ತನ್ನ ಹೆಸರು ಬರೆದಳು. ನೋಡಲಾರದೆ ಲಿಂಬೆ ಪಾನಕ ಬಗ್ಗಿಸಲು ಹೋದೆ.

ಆಮೇಲೆ ಬಕೆಟ್ಟು ಬಂತು. ಒಬ್ಬೊಬ್ಬರೇ ತಗಡು ಹಾಕಿದರು, ಟಣ್ ಎನ್ನುತ್ತಿತ್ತು. "ಜಾಗ ಬದಲಾಯಿಸೋಕೆ ಹೋಗಿ." "ಬೆಕ್ಕು." "ಅತ್ತೆ ಕಳೆ ಅಂತ ಕಿತ್ತರು." ಜನ ಬಿದ್ದು ಬಿದ್ದು ನಗುತ್ತಿದ್ದರು. ಕೊನೆಗೆ ಇನೆಜ್ ನನ್ನ ಕಡೆ ನೋಡಿದರು, ಮತ್ತೆ ಬೇರೆ ಕಡೆ ನೋಡಿದರು. ಬಿಟ್ಟುಬಿಡು ಎನ್ನುವ ಹಾಗಿತ್ತು.

ನಾನು ಎದ್ದೆ. ಜೇಬಿನಲ್ಲಿ ನಾಲ್ಕು ತಗಡು ಇದ್ದವು. ಬೆಳಗ್ಗೆಯೇ ಇಟ್ಟುಕೊಂಡಿದ್ದೆ.

"ಲೂಯಿಸಿಯ. ಮೂರು. ನೀರು ಹಾಕಿ." ಟಣ್, ಟಣ್, ಟಣ್. "ಇನ್ನೊಂದು, ಮಲಗಿದ್ದನ್ನ ಸತ್ತಿದೆ ಅಂದ್ಕೊಂಡು ಅಗೆದೆ." ಕೆಲವರು ನಗಲು ಶುರುಮಾಡಿದರು. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. "ನೀರು ಹಾಕಬೇಡ ಅಂತ ಗ್ಲೆಂಡಾ ಬರೆದಿಟ್ಟು ಹೋಗಿದ್ದಳು. ಓದಿದೆ. ಅವಳು ಹೇಳಿದ್ದು ಹಾಗಲ್ಲ, ಹೀಗೆ ಅಂತ ನಾನೇ ಅಂದ್ಕೊಂಡೆ. ಅವಳು ಕೇಳಿದಾಗ ಸುಳ್ಳೂ ಹೇಳಿದೆ."

ನಗು ನಿಂತಿತು. ಇನೆಜ್ ಬಿಸ್ಕತ್ತಿನ ತಟ್ಟೆ ಎತ್ತಿಕೊಂಡು ಎಲ್ಲರನ್ನೂ ಹಿತ್ತಲಿಗೆ ಅಟ್ಟಿಕೊಂಡು ಹೋದರು.

ಗ್ಲೆಂಡಾ ಹೋಗಲಿಲ್ಲ. ಬರೀ ಗರಸಿನ ಆ ಜಾಗದ ಮುಂದೆ ನಿಂತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ.

"ಏಳು ಉಳಿದಿವೆಯಾ?"

"ಏಳು."

"ಹೂ ಬಿಟ್ಟಿತ್ತಾ ರಾಯ್ಸ್?"

"ಬಿಟ್ಟಿತ್ತು. ಆರು ಗಿಡ. ಒಂಬತ್ತು ದಿನ."

ಅವಳು ತಿರುಗಿ ನನ್ನ ಮುಖ ನೋಡಿದಳು. "ಒಂಬತ್ತು ದಿನ ಅರಳಿದ್ವಾ? ನಾನು ನಾಲ್ಕು ವರ್ಷ ಕಾದಿದ್ದೆ ಕಣೋ. ಆರು ಬೀದಿ ಆಚೆ ಇದ್ದೆ. ಯಾಕೆ ಹೇಳಲಿಲ್ಲ?"

"ಫೋನ್ ಮಾಡಬೇಡ ಅಂದಿದ್ದೆಯಲ್ಲ."

ಅವಳು ನಗತೊಡಗಿದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ನಲವತ್ತೊಂದು ವರ್ಷದಲ್ಲಿ ನನ್ನ ಒಂದು ಮಾತು ಕೇಳೋಕೆ ನಿನಗೆ ಇದೇ ಸಿಕ್ತಾ?"

ಮೀರಿದಾಗ ಮೂರು ಗಿಡ ಹೋದವು, ಪಾಲಿಸಿದಾಗ ಅವಳ ಹೂವೇ ಹೋಯಿತು. ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂದು ಜನಕ್ಕೆ ಅದು ಹೇಗೆ ತಿಳಿಯುತ್ತದೆ? "ಗೊತ್ತಾಗಲಿಲ್ಲ ಗ್ಲೆಂಡಾ," ಎಂದೆ. "ನಿಜವಾಗ್ಲೂ ಗೊತ್ತಾಗಲಿಲ್ಲ."

ಅವಳು ಮೆಟ್ಟಿಲ ಮೇಲೆ ಕೂತಳು. "ಹೇಗಿತ್ತು ಹೇಳು."

ಹೇಳಿದೆ. ಹತ್ತು ಗಂಟೆಗೆ ಬಿಚ್ಚುವುದು, ಮೋಡ ಬಂದರೆ ಮುದುಡುವುದು, ಆ ಸಣ್ಣ ಜೇನುಹುಳು, ನಾಲ್ಕಕ್ಕೆ ಮುಚ್ಚುವುದು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಬಣ್ಣ ಯಾವುದು ಎಂದಳು. ಗುಲಾಬಿ ಎಂದೆ. ಅಲ್ಲ, ಗುಲಾಬಿ ಅಲ್ಲ, ಒಳಗೆ ಗೆರೆಗಳಿದ್ದವು, ಅದು ಒಂಥರಾ ಎಂದು ತಡವರಿಸಿದೆ. ಪದ ಸಿಗಲಿಲ್ಲ. ಅವಳಿಗೆ ಆ ಪದ ಗೊತ್ತಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಹೇಳಿಕೊಡಲಿಲ್ಲ, ಕಾದಳು.

ಹಿತ್ತಲಿನ ಜನವೆಲ್ಲ ಹೋದರು. ಇನೆಜ್ ಬಕೆಟ್ಟು ಎತ್ತಿಕೊಂಡು, ನಮ್ಮನ್ನು ಕಂಡರೂ ಕಾಣದವರಂತೆ ಹೋದರು. ಆಗ ಗ್ಲೆಂಡಾ "ನಾನು..." ಎಂದು ಶುರುಮಾಡಿ ನಿಲ್ಲಿಸಿದಳು. ಹೊರಡ್ತೀನಿ ಎನ್ನುತ್ತಾಳೆ, ನನಗೆ ಗೊತ್ತಿತ್ತು. ಆ ಪದ ನನ್ನ ನಾಲಿಗೆಯ ತುದಿಗೇ ಬಂದಿತ್ತು. ಹಲ್ಲು ಕಚ್ಚಿ ಕೂತೆ. ಎಷ್ಟು ಹೊತ್ತೋ ಏನೋ. ಎದುರು ಮನೆಯ ನಾಯಿ ಎದ್ದು ನೆರಳು ಬದಲಿಸಿ ಮತ್ತೆ ಮಲಗಿತು.

"ಇವತ್ತು ಇಲ್ಲೇ ಊಟ ಮಾಡ್ತೀನಿ," ಎಂದಳು. "ನಾಳೆದು ನನಗಿನ್ನೂ ಗೊತ್ತಿಲ್ಲ."

ಈಗ ಒಳಗೆ ಅಡುಗೆಮನೆಯಲ್ಲಿ ಡಬ್ಬಗಳನ್ನು ತೆಗೆದು ಇಡುತ್ತಿರುವ ಸದ್ದು ಕೇಳಿಸುತ್ತಿದೆ. ಏನು ಹುಡುಕುತ್ತಿದ್ದಾಳೋ. ಕೂಗಿದರೆ ಹೋಗುತ್ತೇನೆ.